ಫೋನು ದೂರಿದ ಬಲಗಣ್ಣು

ಬಲಗಣ್ಣು ಹದಗೆಡುತ್ತಿದೆ ಎಂದು ಫೋನು ದೂರತೊಡಗಿ ಮೂರು ವಾರವಾಗಿತ್ತು. ಗಡಿಯಾರ ರಿಪೇರಿ ಮಾಡುವವನಿಗೆ ಇದಕ್ಕಿಂತ ಕೆಟ್ಟ ಸುದ್ದಿ ಉಂಟೇ? ಬೀದಿಯವರೆಲ್ಲ ಗಡಿಯಾರದಣ್ಣ ಎಂದು ಕರೆಯುವ ಈ ಮನುಷ್ಯ ಮೂವತ್ತು ವರ್ಷ ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಎಡಗಣ್ಣು ಮುಚ್ಚಿಕೊಂಡೇ ಸಂಸಾರ ಸಾಗಿಸಿದವನು.

ಸಕ್ಕರೆ ಕಾಯಿಲೆ ಕಣ್ಣಿನ ಒಳಪರದೆಗೂ ಕೈಹಾಕಿದೆ, ಮೂರು ತಿಂಗಳಿಗೊಮ್ಮೆ ತಪ್ಪದೆ ಬನ್ನಿ ಎಂದು ಡಾಕ್ಟರಮ್ಮ ಹೇಳಿದ್ದರು. ಹೋದರೆ ಕಣ್ಣಿಗೆ ಹನಿ ಹಾಕುತ್ತಾರೆ. ಆಮೇಲೆ ಸಂಜೆಯವರೆಗೂ ಮುಳ್ಳು ಯಾವುದು, ಚಕ್ರ ಯಾವುದು ತಿಳಿಯದೆ ಅಂಗಡಿಗೆ ಬೀಗ. ನಡುವೆ ಮನೆಯಲ್ಲಿ ನೋಡಿಕೊಳ್ಳಲೆಂದು ಅವರೇ ಫೋನಿಗೊಂದು ಆ್ಯಪ್ ಹಾಕಿಸಿಕೊಟ್ಟು, "ಇದಿದೆ ಅಂತ ಇಲ್ಲಿಗೆ ಬರೋದು ಬಿಡಬೇಡಿ" ಎಂದಿದ್ದರು. ಆ ಮಾತನ್ನು ಮಾತ್ರ ಗಡಿಯಾರದಣ್ಣ ಜಾಣತನದಿಂದ ಮರೆತು, ಈ ಸಲದ ಸರದಿಯನ್ನು ಹಾರಿಸಿಬಿಟ್ಟಿದ್ದ.

ಬೆಳಗಿನ ಪರೀಕ್ಷೆ ಹೀಗೆ. ಮೊದಲು ಎಡಗಣ್ಣು ಮುಚ್ಚಬೇಕು. ಫೋನಿನಲ್ಲಿ ಬರುವ ನಾಲ್ಕು ಉಂಗುರಗಳಲ್ಲಿ ಸೊಟ್ಟಗಿರುವುದನ್ನು ಮುಟ್ಟಬೇಕು. ಟಿಣ್ ಎಂದಾಗ ಬಲಗಣ್ಣು ಮುಚ್ಚಬೇಕು. ಇವನು ಬೆರಳ ಸಂದಿಯಿಂದ ಇಣುಕುವ ಕಳ್ಳ ಎಂದು ಗೊತ್ತಿದ್ದ ಹೆಂಡತಿ, ಎದುರಿಗೆ ಕುರ್ಚಿ ಹಾಕಿಕೊಂಡು ತಾನೇ ಅಂಗೈಯಿಂದ ಕಣ್ಣು ಮುಚ್ಚುತ್ತಿದ್ದಳು.

ಫಲಿತಾಂಶ ಮಾತ್ರ ತಲೆಬುಡ ತಿಳಿಯದಂತಿತ್ತು. ಬಲಗಣ್ಣಿಗೆ ಸೊಟ್ಟ ಉಂಗುರ ಯಾವುದೆಂದು ನೀಟಾಗಿ ಕಾಣುತ್ತಿತ್ತು, ಫೋನು ಅದಕ್ಕೇ ಕೆಂಪು ಗುರುತು ಕೊಡುತ್ತಿತ್ತು. ಎಡಗಣ್ಣಿಗೆ ನಾಲ್ಕೂ ಸೊಟ್ಟಗೇ ಕಾಣುತ್ತಿದ್ದವು, ಅದಕ್ಕೆ ಹಸಿರು!

"ಎಡಗಣ್ಣು ಮೊದಲಿಂದಲೂ ಸೋಮಾರಿ, ಅದರ ಮಾತು ಬಿಡು. ಆದ್ರೆ ಬಲಗಣ್ಣು? ಕೂದಲೆಳೆಯಂಥ ಸ್ಪ್ರಿಂಗ್ ನಿನ್ನೆ ಕೂರಿಸಿದೀನಿ ಕಣೇ!"

"ಫೋನಿಗೇನು ನಿಮ್ಮ ಮೇಲೆ ಹಗೆಯಾ? ಆಸ್ಪತ್ರೆಗೆ ಹೋಗೋಣ ನಡೀರಿ ಅಂದ್ರೆ ಕೇಳಲ್ಲ."

ಹೋಗಲು ಅವನಿಗೆ ಹೆದರಿಕೆ. ಫೋನು ಹೇಳಿದ್ದೇ ನಿಜವಾದರೆ? ಸುಳ್ಳಾದರೆ ಒಂದು ದಿನ ದಂಡ. ದಿನಕ್ಕೆ ಹತ್ತು ಸಲ ಭೂತಗನ್ನಡಿ ಸಿಕ್ಕಿಸಿಕೊಂಡು ಚಕ್ರದ ಹಲ್ಲು ಎಣಿಸುತ್ತಿದ್ದ. ಲೆಕ್ಕ ಸರಿಯಾದರೆ ಇನ್ನಷ್ಟು ಗೊಂದಲ. ಕೊನೆಗೆ, ಕಣ್ಣು ತೋರಿಸಲಿಕ್ಕಲ್ಲ, ಫೋನಿನ ಮೇಲೆ ದೂರು ಕೊಡಲಿಕ್ಕೆ ಎಂದು ಹೇಳಿಕೊಂಡು ಹೆಂಡತಿಯ ಜೊತೆ ಹೊರಟ.

ಹನಿ ಹಾಕುವ ಮೊದಲೇ ಡಾಕ್ಟರಮ್ಮ ಎರಡೂ ಕಣ್ಣಿನ ಸ್ಕ್ಯಾನ್ ಮಾಡಿಸಿದರು. "ಬಲಗಣ್ಣು ಹಿಂದಿನ ಹಾಗೇ ಇದೆ. ಎಡಗಣ್ಣಿನ ಒಳಪರದೆ ಊದಿಕೊಂಡಿದೆ, ಸರಿಯಾಗಿ ನಡುಮಧ್ಯದಲ್ಲೇ."

"ನೋಡಿದ್ರಾ? ಈ ಫೋನು ಎಲ್ಲಾ ತಿರುಗುಮುರುಗಾ ಹೇಳ್ತಿದೆ!" ಗಡಿಯಾರದಣ್ಣ ಗೆದ್ದವನಂತೆ ಕೂಗಿದ. ಊದಿಕೊಂಡದ್ದು ತನ್ನದೇ ಕಣ್ಣು ಎನ್ನುವುದು ಇನ್ನೂ ಅವನ ತಲೆಗೆ ಇಳಿದಿರಲಿಲ್ಲ.

ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. "ಮನೇಲಿ ಹೇಗೆ ಮಾಡ್ತೀರೋ ಹಾಗೇ ಮಾಡಿ ತೋರಿಸಿ."

ಹೆಂಡತಿ ಎದುರಿಗೆ ಕೂತಳು. ಮೊದಲು ಎಡಗಣ್ಣು ಎನ್ನುತ್ತಾ, ತನ್ನ ಎಡಗೈಯನ್ನು ನೇರವಾಗಿ ಎದುರಿದ್ದ ಕಣ್ಣಿನ ಮೇಲಿಟ್ಟಳು.

"ಅಮ್ಮಾ," ಡಾಕ್ಟರಮ್ಮ ಮೆಲ್ಲಗೆ ಹೇಳಿದರು, "ಅದು ನಿಮ್ಮ ಎಡ. ಅವರಿಗೆ ಅದು ಬಲ."

ಅವಳ ಕೈ ಅಲ್ಲೇ ನಿಂತಿತು. ಯಾರೂ ನಗಲಿಲ್ಲ.

"ಫೋನು ಸರಿಯಾಗೇ ಹೇಳಿದೆ, ಕಣ್ಣು ಅದಲುಬದಲಾಗಿದೆ ಅಷ್ಟೆ. ಇವತ್ತೇ ಇಂಜೆಕ್ಷನ್ ಶುರು ಮಾಡೋಣ. ಕೆಂಪು ಬಂದ ದಿನವೇ ಬಂದಿದ್ರೆ ಚೆನ್ನಾಗಿತ್ತು. ದೃಷ್ಟಿ ಎಷ್ಟು ವಾಪಸ್ ಬರುತ್ತೆ ಅಂತ ಈಗಲೇ ಹೇಳೋಕಾಗಲ್ಲ."

"ನನ್ನಿಂದಲೇ ಆಯ್ತಲ್ರೀ," ಎಂದು ಹೆಂಡತಿ ಅಳತೊಡಗಿದಳು.

"ನಿನ್ನದೇನಿದೆ ಬಿಡೇ. ಫೋನು ಮೂರು ವಾರ ಬಡ್ಕೊಂಡಿದೆ, ನಾನು ತಾನೇ ಬರದೆ ಕೂತಿದ್ದು." ಬಲಗಣ್ಣು ಉಳಿಯಿತೆಂದು ಖುಷಿಪಡಬೇಕೋ, ಎಡಗಣ್ಣಿಗೆ ಅಳಬೇಕೋ ಅವನಿಗೆ ಗೊತ್ತಾಗಲಿಲ್ಲ. ಸೋಮಾರಿ ಎಂದು ಅಷ್ಟು ವರ್ಷ ಜರೆದ ಆ ಕಣ್ಣು ಏನು ಕಾಣುತ್ತದೋ ನೋಡಿಯೇಬಿಡೋಣ ಎಂದು ತಾನೇ ಬಲಗಣ್ಣು ಮುಚ್ಚಿಕೊಂಡು ಹೆಂಡತಿಯತ್ತ ತಿರುಗಿದ.

ಅವಳ ಕೂದಲು ಕಂಡಿತು, ಎರಡೂ ಕಿವಿ ಕಂಡವು, ಭುಜ ಕಂಡಿತು. ನಡುವೆ, ಮುಖವಿರಬೇಕಾದಲ್ಲಿ, ಬೂದು ಬಣ್ಣದ ಕಲೆಯೊಂದೇ ಇತ್ತು.

"ಇನ್ನೂ ಅಳ್ತಿದ್ದೀಯೇನೇ?" ಎಂದು ಕೇಳಿದ.