ಬಾಕಿ ಆಯಸ್ಸು

ಮತ್ತೊಮ್ಮೆ ತಟ್ಟಿದ. ಗೋಡೆ ಗಟ್ಟಿಯೇ. ಇಫ್ತಿಕಾರನಿಗೆ ಏಕೋ ನಿರಾಸೆಯಾಯಿತು.

ಅವನ ಬೆರಳಿನ ಗೆಣ್ಣೆಂದರೆ ಸಾಮಾನ್ಯವೇ? ಚಳ್ಳಕೆರೆಯಿಂದ ಮೊಳಕಾಲ್ಮೂರಿನವರೆಗೆ ಅದು ಮುಟ್ಟದ ಗೋಡೆಯಿಲ್ಲ. ಒಂದು ಏಟಿಗೆ ಮನೆಯ ವಯಸ್ಸು, ಇನ್ನೊಂದಕ್ಕೆ ಬಾಕಿ ಆಯಸ್ಸು. ದುರ್ಗದ ಕೋಟೆಗೂ ಬೆಲೆ ಕಟ್ಟುತ್ತಿದ್ದ. ಯಾರೂ ಕೇಳಲಿಲ್ಲ, ಅಷ್ಟೆ. ಸ್ವಂತ ಮನೆಯಲ್ಲಿ ಮಾತ್ರ ಹೆಂಡತಿ ಬುಶ್ರಾ ಗೋಡೆಗೆ ಕೈ ಹಚ್ಚಗೊಡುತ್ತಿರಲಿಲ್ಲ.

ಈ ಮನೆ ನೇಕಾರ ಪಾತಣ್ಣನದು, ಅವನ ತಮ್ಮ ಚಿಕ್ಕೀರಪ್ಪನದೂ ಹೌದು. ಗೋಡೆಗೆ ಆಯಸ್ಸಿದ್ದರೆ ಅರ್ಧರ್ಧ ಇಟ್ಟುಕೊಳ್ಳುವುದು, ಇಲ್ಲದಿದ್ದರೆ ಕೆಡವಿ ಎಸ್‌ಟಿಡಿ ಬೂತಿನವನಿಗೆ ಜಾಗ ಮಾರುವುದು. ಇಂಜಿನಿಯರ್ ಇಫ್ತಿಕಾರ್ ಹೇಳಿದ್ದೇ ಆಖೈರು.

ಪಾತಣ್ಣ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಲೇ ಇದ್ದ. ಭೂಮಿ ಬಿರಿದರೂ ಏಳುವ ಆಸಾಮಿಯಲ್ಲ.

"ಏಳ್ರಿ, ಗುಂಡಿ ಅಳೀಬೇಕು."

"ಇದಕ್ಕೂ ಬೆಲೆ ಐತಾ ಸಾಹೇಬ್ರೆ?"

"ನೆಲದಾಗೆ ತೂತಿದ್ರೆ ಬೆಲೆ ಇಳೀತೈತೆ."

ಚಿಕ್ಕೀರಪ್ಪ ನಕ್ಕ. "ಮಗ್ಗ ಬಿಚ್ಕೊಂಡು ಹೋಗಣ್ಣ. ಬ್ಯಾಡ ಅಂದೋರು ಯಾರು?"

"ಮಗ್ಗ ಹೊತ್ಕೊಂಡು ಹೋಗ್ತೀನಲೇ. ಗುಂಡೀನ ಹೆಂಗೆ ಹೊರಲಿ? ಬಾಡಿಗೆ ಮನ್ಯಾಗೆ ನೆಲ ಅಗಿಯಾಕೆ ಯಾರು ಬಿಡ್ತಾರೆ?"

ಅಡ್ಡನೂಲು ಹಾಯಿಸುವ ಲಾಳಿಯನ್ನು ಕೈಯಲ್ಲಿ ಹಿಡಿದೇ ಪಾತಣ್ಣ ಎದ್ದು ನಿಂತ.

ಇಫ್ತಿಕಾರ್ ಟೇಪು ಹಿಡಿದು ಗುಂಡಿಗೆ ಇಳಿದ. ಎಳೆಗಳ ಕೆಳಗೆ ಬಗ್ಗಿದಾಗ ತಂಪು, ಕತ್ತಲೆ. ಅಬ್ಬಾನ ಲಾರಿ ರಿಪೇರಿ ಶೆಡ್ಡಿನಲ್ಲಿ ಇಂಥದೇ ಗುಂಡಿಯಿತ್ತು. ಅಬ್ಬಾ ಅದರೊಳಗೆ ನಿಂತು ಊರಿನ ಲಾರಿಗಳನ್ನೆಲ್ಲ ತಲೆಯ ಮೇಲೆ ಹೊತ್ತಿದ್ದರು. ಇಫ್ತಿಕಾರ್ ಶೆಡ್ಡನ್ನು ಪಡಸಾಲೆ ಮಾಡಿ, ಗುಂಡಿಗೆ ಸಿಮೆಂಟು ಸುರಿದು ಮೇಲೆ ಸೋಫಾ ಇಟ್ಟಿದ್ದ. ಆಮೇಲೆ ಅಬ್ಬಾ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಬಾಗಿಲಲ್ಲೇ ನಿಲ್ಲುತ್ತಿದ್ದರು, ಸಾಯುವವರೆಗೂ.

ಉಸಿರು ಕಟ್ಟಿದಂತಾಗಿ ಕೈ ಎದೆಗೆ ಹೋಯಿತು. ರೂಢಿಬಿದ್ದ ಗೆಣ್ಣು ಅಲ್ಲೂ ತಟ್ಟಿತು.

ಡೊಳ್ಳಿನಂಥ ಪೊಳ್ಳು ಸದ್ದು.

"ಕೇಳಿಸ್ತಾ ಅಣ್ಣ?" ಮೇಲಿನಿಂದ ಚಿಕ್ಕೀರಪ್ಪ. "ಒಳಗೆಲ್ಲ ಟೊಳ್ಳು. ಹೇಳ್ರಿ ಸಾಹೇಬ್ರೆ, ಆಯಸ್ಸು ಎಷ್ಟು?"

ಅದು ಗೋಡೆಯ ಸದ್ದಲ್ಲ ಎನ್ನಬಹುದಿತ್ತು. ಮತ್ತೆ ಯಾವುದರದು ಎಂದು ಕೇಳಿದರೆ?

"ಮುಗಿದೈತೆ," ಎಂದ.

"ಯಾರ್ದು?" ಪಾತಣ್ಣ ಮೆಲ್ಲಗೆ ಕೇಳಿದ.

ಇಫ್ತಿಕಾರ್ ಮೇಲೇಳಲು ನೋಡಿದ. ಆಗಲಿಲ್ಲ. ಗುಂಡಿಯಂಚಿನಲ್ಲಿ ಪಾತಣ್ಣ ಕೂತು ಕೂತು ಸವೆಸಿದ ಜಾಗದಲ್ಲೇ ತಾನೂ ಕುಸಿದು ಕೂತ. ಕಾಲು ತಾನಾಗಿ ಮಗ್ಗದ ಕೆಳಗಿನ ಹಲಗೆಯನ್ನು ತುಳಿಯಿತು. ಎದುರಿಗೆ ಕೆಂಪು ಎಳೆಗಳು ಬಾಯಿ ತೆರೆದವು, ಮುಚ್ಚಿದವು. ಮತ್ತೆ ತೆರೆದವು. ನಡುವೆ ಹಾಯಲು ಏನೂ ಇರಲಿಲ್ಲ. ಲಾಳಿ ಪಾತಣ್ಣನ ಕೈಯಲ್ಲಿತ್ತು.