ಹದಿನೇಳನೆಯ ದಿನದ ಕಾವು

ಓರಗಿತ್ತಿಯರಿಬ್ಬರೂ ಮಾತು ಬಿಟ್ಟು ಏಳು ತಿಂಗಳಾಗಿತ್ತು. ಗುರುವಾರ ಬೆಳಿಗ್ಗೆ ದೊಡ್ಡವಳೇ ಫೋನ್ ಮಾಡಿ, "ನಿನ್ನ ಡಬ್ಬಿ ನನ್ನ ಮೊಟ್ಟೆಗಳನ್ನ ಬೇಯಿಸ್ತಾ ಇದೆ, ಬಂದು ನೋಡು" ಅಂದಳು. ಚಿಕ್ಕವಳು ತನ್ನ ಮೊಬೈಲ್ ರಿಪೇರಿ ಅಂಗಡಿಯ ಶಟರ್ ಎಳೆದು, ಲ್ಯಾಪ್‌ಟಾಪ್ ಬಗಲಿಗೆ ಹಾಕಿಕೊಂಡು ಹೊರಟಳು. ಹೋಗುವ ಮನಸ್ಸೇನೂ ಇರಲಿಲ್ಲ. ಆದರೆ ಡಬ್ಬಿ ತನ್ನದು ಅನ್ನುವುದಂತೂ ನಿಜವಾಗಿತ್ತು.

ಕೋಳಿಮರಿ ಮಾಡಿಸುವ ಆ ಹ್ಯಾಚರಿ ದೊಡ್ಡವಳ ಗಂಡ ಕಟ್ಟಿದ್ದು. ಅವನು ತೀರಿಕೊಂಡ ಮೇಲೆ ದೊಡ್ಡವಳೊಬ್ಬಳೇ ನಡೆಸುತ್ತಿದ್ದಳು. ಅದನ್ನು ಮುಚ್ಚಿ ಶೆಡ್ಡನ್ನು ಗೋದಾಮು ಮಾಡಬೇಕೆಂದು ಮೈದುನನ ಹಟ. ಅವನು ಚಿಕ್ಕವಳ ಗಂಡ. ಒಂದು ದಿನ ಜಗಳ ಬಲಿತಾಗ ಚಿಕ್ಕವಳೂ ಬಾಯಿ ಹಾಕಿ, "ಗಂಡನೇ ಇಲ್ಲದ ಮೇಲೆ ಯಾರಿಗಾಗಿ ಅಕ್ಕ ಈ ಪಾಡು?" ಅಂದುಬಿಟ್ಟಿದ್ದಳು. ಆ ಮಾತು ದೊಡ್ಡವಳ ಎದೆಯಲ್ಲಿ ಮುಳ್ಳಿನಂತೆ ಮುರಿದು ಕೂತಿತ್ತು.

ಚಿಕ್ಕವಳು ಆ ಡಬ್ಬಿ ಹಾಕಿಕೊಟ್ಟದ್ದು ಅದಕ್ಕೂ ಮೊದಲು, ಒಳ್ಳೆಯ ದಿನಗಳಲ್ಲಿ. ಒಳಗಿದ್ದದ್ದು ಅಂಗೈಗಿಂತ ಚಿಕ್ಕದೊಂದು ಲಿನಕ್ಸ್ ಬೋರ್ಡು, ಪುಟ್ಟ ಕಂಪ್ಯೂಟರು ಅನ್ನಿ. ಕಾವು ಪೆಟ್ಟಿಗೆಯ ಬಿಸಿ ನೋಡಿಕೊಂಡು ಹೀಟರನ್ನು ಹಚ್ಚುವುದು, ಆರಿಸುವುದು ಅದರ ಕೆಲಸ. ಅದಕ್ಕೆ ಪರದೆಯಿಲ್ಲ, ಕೀಲಿಮಣೆಯಿಲ್ಲ. ವೈಫೈ ಮೂಲಕವೇ ಅದರೊಳಗೆ ಹೋಗಬೇಕು.

ಚಿಕ್ಕವಳು ಬಂದಾಗ ಶೆಡ್ಡಿನಲ್ಲಿ ದೊಡ್ಡವಳು ಗೋಡೆಯ ಸ್ವಿಚ್ಚಿನ ಮೇಲೆ ಕೈಯಿಟ್ಟು, ಪೆಟ್ಟಿಗೆಯ ಗಾಜಿನ ಬಾಗಿಲಲ್ಲಿ ನೇತುಬಿಟ್ಟ ಥರ್ಮಾಮೀಟರನ್ನೇ ನೋಡುತ್ತ ನಿಂತಿದ್ದಳು.

"ಆರು ಗಂಟೆಗೆ ನೋಡಿದಾಗ ಮೂವತ್ತೊಂಬತ್ತೂವರೆ ಡಿಗ್ರಿ," ಅಂದಳು ತಿರುಗದೆ. "ಆಗಿಂದ ಹೀಗೇ ನಿಂತಿದ್ದೀನಿ. ಬಿಸಿ ಏರಿದ್ರೆ ಆರಿಸ್ತೀನಿ, ಇಳಿದ್ರೆ ಹಾಕ್ತೀನಿ. ಆರುನೂರು ಮೊಟ್ಟೆ. ಇವತ್ತಿಗೆ ಹದಿನೇಳು ದಿನ."

"ಮೂವತ್ತೇಳೂವರೆಗೆ ಇಟ್ಟಿದ್ದೆ ನಾನು. ಯಾರು ಮುಟ್ಟಿದ್ರು?"

"ನನ್ನನ್ನ ಕೇಳ್ತೀಯಾ? ಅದರ ಹೊಟ್ಟೆಯೊಳಗೆ ಏನಿದೆ ಅಂತ ನನಗೇನು ಗೊತ್ತು? ಮಾಡಿದವಳಿಗೆ ಗೊತ್ತಿರ್ಬೇಕು."

ಚಿಕ್ಕವಳು ಲ್ಯಾಪ್‌ಟಾಪ್ ತೆರೆದಳು. ವೈಫೈನಲ್ಲಿ ಬೋರ್ಡಿನ ಸುಳಿವೇ ಇಲ್ಲ. ಅಷ್ಟರಲ್ಲಿ ಅವಳ ಗಂಡ ಬಂದು ಬಾಗಿಲಿಗೆ ಒರಗಿ ನಿಂತ.

"ಸತ್ತಿದೆ ಅದು, ಬಿಡು," ಅಂದ. "ಆಟದ ಸಾಮಾನು ನಂಬ್ಕೊಂಡು ದಂಧೆ ಮಾಡಿದ್ರೆ ಇನ್ನೇನಾಗತ್ತೆ ಅತ್ತಿಗೆ? ಇನ್ನಾದ್ರೂ ಮುಚ್ಚೋ ಮಾತು ಆಡೋಣ."

"ಸತ್ತಿಲ್ಲ, ದೀಪ ಮಿಣುಕ್ತಾ ಇದೆ," ಅಂದಳು ಚಿಕ್ಕವಳು. "ಕೇಬಲ್ಲಿಂದ ಒಳಗೆ ಹೋಗ್ತೀನಿ."

"ಅದಕ್ಕೆ ನೆಟ್‌ವರ್ಕ್ ಕೇಬಲ್ ಹಾಕೋ ಜಾಗಾನೇ ಇಲ್ಲವಲ್ಲ," ಅಂದ ಅವನು, ಬೇಕಾದ್ದಕ್ಕಿಂತ ತುಸು ಬೇಗ.

ಜಾಗವಿರಲಿಲ್ಲ, ಸರಿ. ಆದರೆ ಯುಎಸ್‌ಬಿ ಇತ್ತು. ಹೇಳಬೇಕಾದಂತೆ ಹೇಳಿದರೆ ಆ ಬೋರ್ಡು ಯುಎಸ್‌ಬಿ ತಂತಿಯಲ್ಲೇ ನೆಟ್‌ವರ್ಕ್ ಕಾರ್ಡಿನ ವೇಷ ಹಾಕಬಲ್ಲದು. ಚಿಕ್ಕವಳು ಡಬ್ಬಿಯ ಕರೆಂಟಿನ ವೈರು ಕಿತ್ತು ಮುಚ್ಚಳ ಬಿಚ್ಚಿದಳು.

"ಮೊಟ್ಟೆ ತಣ್ಣಗಾದ್ರೆ?" ಅಂದಳು ದೊಡ್ಡವಳು.

"ಹತ್ತು ನಿಮಿಷಕ್ಕೆ ಏನೂ ಆಗಲ್ಲ. ತಾಯಿಕೋಳಿನೂ ಕಾಳು ತಿನ್ನೋಕೆ ಎದ್ದು ಹೋಗತ್ತೆ."

"ತಾಯಿಕೋಳಿ ವಾಪಸ್ ಬರತ್ತೆ. ನಿಮ್ಮನ್ನ ಹಾಗೆ ನಂಬೋ ಹಾಗಿಲ್ಲ."

ಚಿಕ್ಕವಳು ಡಬ್ಬಿಯತ್ತ ಬಗ್ಗಿದಳು. ಉಗುರಿನಷ್ಟು ಮೆಮೊರಿ ಕಾರ್ಡನ್ನು ತೆಗೆದು ಲ್ಯಾಪ್‌ಟಾಪಿಗೆ ಹಾಕಿದಳು. ಕಾರ್ಡಿನಲ್ಲಿ ಬಿಸಿಯ ಲೆಕ್ಕ ಕೂತಿದ್ದ ದೊಡ್ಡ ಭಾಗವನ್ನು ಆ ಲ್ಯಾಪ್‌ಟಾಪ್ ಓದಲಾರದು. ಬೋರ್ಡು ಏಳುವಾಗ ಓದಿಕೊಳ್ಳುವ ಚಿಕ್ಕ ಭಾಗ ಮಾತ್ರ ಕಂಡಿತು, ಬೇಕಾದದ್ದೂ ಅಷ್ಟೇ. ಒಂದು ಫೈಲಿನ ಕೊನೆಗೆ, ಆ ವೇಷ ಹಾಕಲು ಹೇಳುವ ಒಂದು ಸಾಲು ಸೇರಿಸಿದಳು. ಇನ್ನೊಂದರಲ್ಲಿ ಇದ್ದ ಒಂದೇ ಉದ್ದ ಸಾಲಿನ ನಡುವೆ ಅದಕ್ಕೆ ಬೇಕಾದ ಎರಡು ಡ್ರೈವರ್‌ಗಳ ಹೆಸರು ತುರುಕಿದಳು. ಅಲ್ಲಿ ಒಂದು ಖಾಲಿ ಜಾಗ ಹೆಚ್ಚುಕಮ್ಮಿಯಾದರೂ ಬೋರ್ಡು ಮೇಲೇಳುವುದಿಲ್ಲ. ಹಾಗಾಗಿ ಮೂರು ಸಲ ಓದಿದಳು. ಆಮೇಲೆ ಕಾರ್ಡನ್ನು ಸ್ವಸ್ಥಾನಕ್ಕೆ ಸೇರಿಸಿ, ಬೋರ್ಡಿಗೂ ಲ್ಯಾಪ್‌ಟಾಪಿಗೂ ಕೇಬಲ್ ಹಾಕಿ ಕಾದಳು.

ಎರಡು ನಿಮಿಷವಾಯಿತು. ಹಸಿರು ದೀಪ ಮಿಣುಕಿತು, ಲ್ಯಾಪ್‌ಟಾಪ್ ಮಾತ್ರ ಏನೂ ಅರಿಯದಂತೆ ಕೂತಿತ್ತು.

"ಆಯ್ತಾ ನಿನ್ನ ಪಾಂಡಿತ್ಯ?" ಅಂದಳು ದೊಡ್ಡವಳು. ಬಾಗಿಲಲ್ಲಿದ್ದ ಮೈದುನ ನಕ್ಕ.

ಚಿಕ್ಕವಳ ಕಿವಿ ಬಿಸಿಯಾಯಿತು. ಕೇಬಲ್ ಎತ್ತಿ ನೋಡಿದಳು. ದೊಡ್ಡವಳ ಫೋನ್ ಚಾರ್ಜರಿನದು, ಪಕ್ಕದಲ್ಲೇ ಇತ್ತೆಂದು ಹಾಕಿಕೊಂಡಿದ್ದಳು. ಒಳಗೆ ಕರೆಂಟಿನ ಎರಡು ತಂತಿ ಬಿಟ್ಟರೆ ಮಾತು ಸಾಗಿಸುವ ತಂತಿಯೇ ಇಲ್ಲದ ಅಗ್ಗದ ಮಾಲು. ದಿನಾ ಗಿರಾಕಿಗಳಿಗೆ ಇದನ್ನೇ ಬೋಧಿಸುವವಳು ತಾನೇ ಬೇಸ್ತು ಬಿದ್ದಿದ್ದಳು. ಚೀಲದಿಂದ ತನ್ನದೇ ದಪ್ಪ ಕೇಬಲ್ ತೆಗೆದಳು. ಅವಸರದಲ್ಲಿ ಅದನ್ನೂ ಬೋರ್ಡಿನ ಅಂಚಿನ ಕಿಂಡಿಗೆ ಚುಚ್ಚಿದಳು, ಅದು ಬರೀ ಕರೆಂಟಿನ ಕಿಂಡಿ. ನಾಲಿಗೆ ಕಚ್ಚಿಕೊಂಡು, ಕಿತ್ತು, ನಡುವಿನ ಕಿಂಡಿಗೆ ಹಾಕಿದಳು.

ಒಂದೂವರೆ ನಿಮಿಷಕ್ಕೆ ಲ್ಯಾಪ್‌ಟಾಪಿನಲ್ಲಿ ಹೊಸ ನೆಟ್‌ವರ್ಕ್ ಮೂಡಿತು. ಬೋರ್ಡಿನ ಹೆಸರು ಹಿಡಿದು ಕರೆದಳು, ಅದು ಪಾಸ್‌ವರ್ಡ್ ಕೇಳಿತು. ಕೊಟ್ಟಳು. ಬಾಗಿಲು ತೆರೆಯಿತು.

ತೆರೆದ ಕೂಡಲೇ ಮೊದಲ ಸಾಲಿನಲ್ಲಿ, ಹಿಂದಿನ ಸಲ ಒಳಗೆ ಬಂದ ಹೊತ್ತು ತೋರಿಸಿತು: ಬುಧವಾರ ಮಧ್ಯಾಹ್ನ, ಎರಡು ಗಂಟೆ ಹತ್ತು ನಿಮಿಷ.

ಅವಳು ಆ ಸಾಲನ್ನೇ ನೋಡಿದಳು. ಆ ಪಾಸ್‌ವರ್ಡ್ ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ. ಬುಧವಾರ ಮಧ್ಯಾಹ್ನ ತಾನು ಅಂಗಡಿಯಲ್ಲಿ, ಒಡೆದ ಪರದೆಯೊಂದನ್ನು ಬದಲಿಸುತ್ತಿದ್ದಳು. ಕೆಳಗೆ ಹುಡುಕಿದರೆ ಉಳಿದದ್ದೂ ಸಿಕ್ಕಿತು: ಮೂವತ್ತೇಳೂವರೆ ಇದ್ದಲ್ಲಿ ಮೂವತ್ತೊಂಬತ್ತೂವರೆ, ಆಮೇಲೆ ವೈಫೈ ಬಂದ್. ಯಾರೂ ಒಳಗೆ ಬಂದು ಸರಿಮಾಡದಿರಲಿ ಅಂತ.

ಮೊದಲು ಬಿಸಿಯನ್ನು ಸರಿಮಾಡಿದಳು. ಹೀಟರ್ ಟಕ್ಕೆಂದು ಆರಿತು. "ಇನ್ನು ಸ್ವಿಚ್ಚಿಂದ ಕೈ ತೆಗೀಬಹುದು ಅಕ್ಕ," ಅಂದಳು.

"ಏನಾಗಿತ್ತು?"

"ನಾನೇನೂ ಮುಟ್ಟಿಲ್ಲ, ನನ್ನನ್ಯಾಕೆ ನೋಡ್ತೀಯಾ?" ಅಂದ ಬಾಗಿಲಲ್ಲಿದ್ದವನು. ಅವನ ಕಡೆ ಯಾರೂ ನೋಡಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು.

ಸುಮ್ಮನಿದ್ದರೆ ತಪ್ಪು ಬೋರ್ಡಿನದು ಅಂತಾಗುತ್ತಿತ್ತು, ಮನೆ ಮುರಿಯದೆ ಉಳಿಯುತ್ತಿತ್ತು. ಆದರೆ ತಾನು ಕೂಡಿಸಿದ ಯಂತ್ರದ ತಲೆಗೆ ಪಾಪ ಕಟ್ಟುವುದನ್ನು ಚಿಕ್ಕವಳಿಗೆ ಸಹಿಸಲಾಗಲಿಲ್ಲ. ಗಾಜಿನಾಚೆಯ ಮೊಟ್ಟೆಗಳಲ್ಲಿ ಆಗಲೇ ಕಣ್ಣು, ಕೊಕ್ಕು ಮೂಡಿದ್ದವು.

"ನಿನ್ನೆ ಎರಡು ಗಂಟೆಗೆ ಇವರು ಒಳಗೆ ಬಂದು ಬಿಸಿ ಏರಿಸಿದ್ದಾರೆ," ಅಂದಳು. "ಇಲ್ಲೇ ಬರೆದಿದೆ, ಓದಿ."

"ಹೆಂಡತಿ ಆಗಿ ಹೀಗಾ?" ಅಂದ ಅವನು ಹಲ್ಲು ಕಚ್ಚಿ. "ಮನೆಗೆ ಬಾ, ನೋಡ್ಕೋತೀನಿ."

"ನೋಡ್ಕೊಳ್ಳಿ. ಮೊದಲು ಅತ್ತಿಗೆ ಮುಖ ನೋಡಿ."

ಅವನು ನೋಡಲಿಲ್ಲ. ಹೊರಗೆ ಬೈಕಿನ ಸದ್ದು ದೂರವಾಯಿತು.

ದೊಡ್ಡವಳು ಪರದೆಯತ್ತ ಬಗ್ಗಿ ನಿಧಾನವಾಗಿ ಓದಿದಳು. ಈಗೊಂದು ಒಳ್ಳೆಯ ಮಾತು ಬಂದೀತೇನೋ ಎಂದು ಚಿಕ್ಕವಳಿಗೆ ಅನ್ನಿಸದಿರಲಿಲ್ಲ.

"ಪಾಸ್‌ವರ್ಡ್ ಕೊಟ್ಟವಳು ನೀನೇ ತಾನೆ?" ಅಂದಳು ದೊಡ್ಡವಳು.

"ಗಂಡ ಅಂತ ಕೊಟ್ಟೆ."

"ಮುಚ್ಚಿ ಅಂತ ಅವನ ಜೊತೆ ನಿಂತು ಹೇಳಿದವಳೂ ನೀನೇ. ಅವನು ಕೈಯಲ್ಲಿ ಮಾಡಿದ, ನೀನು ಬಾಯಲ್ಲಿ ಮಾಡಿದೆ. ಹೊಸ ಪಾಸ್‌ವರ್ಡ್ ಹಾಕಿ, ಚೀಟಿಯಲ್ಲಿ ಬರೆದಿಟ್ಟು ಹೋಗು."

ಚಿಕ್ಕವಳು ಹಾಗೇ ಮಾಡಿದಳು. ಚೀಟಿಯನ್ನು ದೊಡ್ಡವಳ ಕೈಗೆ ಕೊಟ್ಟಳು. "ಆ ದಿನ ಅಂದದ್ದು ತಪ್ಪು ಅಕ್ಕ," ಅಂದಳು. ದೊಡ್ಡವಳು ಚೀಟಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಥರ್ಮಾಮೀಟರಿನತ್ತ ತಿರುಗಿದಳು.

ಅದಾದ ನಾಲ್ಕನೆಯ ದಿನ ಮೊಟ್ಟೆಗಳು ಬಿರಿದವು. ಮುನ್ನೂರ ನಲವತ್ತು ಮರಿ ಹೊರಬಂದವು, ಉಳಿದವು ಒಳಗೇ ಸತ್ತಿದ್ದವು. ಈ ಸುದ್ದಿಯನ್ನು ಚಿಕ್ಕವಳಿಗೆ ಹೇಳಿದ್ದು ಮೇವಿನ ಅಂಗಡಿಯವನು. ಅಷ್ಟು ಹೊತ್ತಿಗೆ ಅವಳು ಬಟ್ಟೆಬರೆ ಹೊತ್ತುಕೊಂಡು ತನ್ನ ಅಂಗಡಿಯ ಹಿಂದಿನ ಕೋಣೆಗೆ ಬಂದಾಗಿತ್ತು. ಗಂಡ ಎರಡು ಸಲ ಬಂದು ಶಟರ್ ಬಡಿದು, ಬಾಯಿಗೆ ಬಂದಂತೆ ಬೈದು ಹೋಗಿದ್ದ. ಅವಳು ಒಳಗೆ ಕೂತು, ಯಾರದೋ ಫೋನಿನ ಬ್ಯಾಟರಿ ಬದಲಿಸುತ್ತಿದ್ದಳು.