ಹಿಡಿ ಕಳೆದುಕೊಂಡ ಸೂತ್ರದ ಹಲಗೆ

ನಾನು ಒಂದು ಅಚ್ಚಿನ ಹಲಗೆ. ಪುಕ್ಕಲು ಹಲಗೆ ಎಂದರೂ ನನಗೆ ಬೇಜಾರಿಲ್ಲ. ಕೊರಿಯಾ ದೇಶದ ಬೆಟ್ಟವೊಂದರಲ್ಲಿ ಕಾಡುಚೆರ್ರಿ ಮರವಾಗಿದ್ದಾಗ ಬಿರುಗಾಳಿಗೂ ಹೆದರದ ನಾನು, ಹಲಗೆಯಾದ ಮೇಲೆ ಒಂದು ಕಿಡಿ ಕಂಡರೂ ನಡುಗುತ್ತೇನೆ.

ನನ್ನನ್ನು ಕಡಿದು ವರ್ಷಗಟ್ಟಲೆ ಸಮುದ್ರದ ನೀರಿನಲ್ಲಿ ಮುಳುಗಿಸಿಟ್ಟರು. ಆಮೇಲೆ ಉಪ್ಪುನೀರಿನಲ್ಲಿ ಬೇಯಿಸಿ ನೆರಳಲ್ಲಿ ಒಣಗಿಸಿದರು. ಅಬ್ಬಬ್ಬಾ, ಸಾಕಾಗಿಹೋಗಿತ್ತು! ಕೆತ್ತುವ ಮಾನ್‌ಸಿಕ್ ಒಂದೊಂದು ಅಕ್ಷರಕ್ಕೂ ಮುಂಚೆ ತಲೆಬಾಗಿ ನಮಸ್ಕರಿಸುತ್ತಿದ್ದ. ಬುದ್ಧನ ಸೂತ್ರವೊಂದರ ಕರುಣೆಯ ಮಾತುಗಳನ್ನು ನನ್ನ ಎದೆಯ ಮೇಲೆ ತಿರುವುಮುರುವಾಗಿ ಕೆತ್ತಿದ. ಶಾಯಿ ಬಳಿದು ಒತ್ತಿದಾಗ ಕಾಗದದ ಮೇಲೆ ಅವು ನೆಟ್ಟಗೆ ಮೂಡಬೇಕಲ್ಲ. ಅವನ ಹೆಂಡತಿ ಬೊಬೇ ಮೈಗೆಲ್ಲ ಮೆರುಗೆಣ್ಣೆ ಬಳಿದಳು. ಕೊನೆಗೆ ಎರಡು ತುದಿಗೂ ದಪ್ಪ ಹಿಡಿ ಕೂರಿಸಿ ಮೊಳೆ ಹೊಡೆದರು. ಆ ಹಿಡಿಗಳಿದ್ದರೇ ಹಲಗೆ ಸೊಟ್ಟಗಾಗದೆ ನಿಲ್ಲುವುದು.

"ಹಿಂದಿನ ಹಲಗೆಗಳನ್ನೆಲ್ಲ ದಂಡೆತ್ತಿ ಬಂದ ವೈರಿಗಳು ಸುಟ್ಟುಹಾಕಿದರು ಕಣೇ. ಒಂದೂ ಉಳಿಯಲಿಲ್ಲ," ಎಂದು ಮಾನ್‌ಸಿಕ್ ಒಂದು ದಿನ ಹೆಂಡತಿಗೆ ಹೇಳಿದ. ಅಂದಿನಿಂದ ನನಗೆ ನೆಮ್ಮದಿಯಿಲ್ಲ.

ಹೆದರಿದಂತೆಯೇ ಆಯಿತು. ಒಂದು ಚಳಿಗಾಲದ ಬೆಳಗ್ಗೆ ವೈರಿಗಳ ಕುದುರೆ ಸವಾರರು ಬರುತ್ತಿರುವ ಸುದ್ದಿ ಬಂತು. ಬೆಟ್ಟದ ಮೇಲಿನ ವಿಹಾರದಲ್ಲಿ ಬಚ್ಚಿಡಲೆಂದು ಊರಿನವರು ಒಬ್ಬೊಬ್ಬರು ಒಂದೊಂದು ಹಲಗೆ ಹೊತ್ತು ಹೊರಟರು. ಬೊಬೇ ನನ್ನನ್ನು ತಲೆಯ ಮೇಲಿಟ್ಟುಕೊಂಡು, ಐದು ವರ್ಷದ ಮೊಮ್ಮಗಳು ದಾಲ್ರೆಯ ಕೈ ಹಿಡಿದು ಹೊರಟಳು. ದಾರಿಯಲ್ಲಿ ಹಿಮ ಸುರಿಯತೊಡಗಿತು. ಮುಂದೆ ಹೋಗುತ್ತಿದ್ದವರು ಕಾಣದಾದರು. ನಾವು ಮೂವರೂ ಒಂದು ಬಂಡೆಯ ಸಂದಿ ಸೇರಿಕೊಂಡೆವು.

ಮಗುವಿನ ತುಟಿ ನೀಲಿಯಾಯಿತು. "ಅಜ್ಜೀ, ಚಳಿ," ಎನ್ನುತ್ತಿದ್ದವಳು ಅದನ್ನೂ ನಿಲ್ಲಿಸಿದಳು. ಹೊರಗಿನ ಕಡ್ಡಿಗಳೆಲ್ಲ ಒದ್ದೆ. ಬೊಬೇಯ ಸೊಂಟದಲ್ಲಿ ಚಕಮಕಿ ಕಲ್ಲಿತ್ತು. ಅಲ್ಲಿದ್ದ ಒಣ ಮರವೆಂದರೆ ನಾನೊಂದೇ. ಅವಳು ನನ್ನನ್ನೇ ನೋಡತೊಡಗಿದಳು.

ನಿಜ ಹೇಳಲು ನಾಚಿಕೆಯಾಗುತ್ತದೆ. ಮಗು ಹೋದರೆ ಹೋಗಲಿ, ನಾನು ಉಳಿದರೆ ಸಾಕು ಎಂದುಕೊಂಡೆ. ಎದೆಯ ಮೇಲೆ ಕರುಣೆಯ ಮಾತು ಹೊತ್ತುಕೊಂಡೇ ಹಾಗಂದುಕೊಂಡೆ.

"ತಪ್ಪಾಯ್ತು, ಕ್ಷಮಿಸಪ್ಪಾ," ಎಂದು ಬೊಬೇ ನನಗೆ ಕೈಮುಗಿದು ಪಕ್ಕದಲ್ಲಿದ್ದ ದಪ್ಪ ಕಲ್ಲೊಂದನ್ನು ಎತ್ತಿದಳು. ಮುಗಿಯಿತು ನನ್ನ ಕಥೆ ಎಂದುಕೊಂಡೆ. ಆದರೆ ಏಟು ಬಿದ್ದದ್ದು ಹಿಡಿಗಳಿಗೆ. ಎರಡನ್ನೂ ಕಿತ್ತು, ಜಜ್ಜಿ ಸೀಳಿ, ಬೆಂಕಿ ಹಚ್ಚಿದಳು. ಅಕ್ಷರ ಒಂದನ್ನೂ ಮುಟ್ಟಲಿಲ್ಲ. ನನ್ನ ಮೈಯ ತುಂಡುಗಳು ನನ್ನೆದುರೇ ಚಟಚಟ ಉರಿದವು. ದಾಲ್ರೆ ಕಣ್ಣು ಬಿಟ್ಟಳು.

ಮರುದಿನ ಮಾನ್‌ಸಿಕ್ ಹುಡುಕಿಕೊಂಡು ಬಂದ. ಅಷ್ಟರಲ್ಲಿ ಹಿಮದ ತೇವಕ್ಕೂ ಬೆಂಕಿಯ ಕಾವಿಗೂ ನಾನು ಸೊಟ್ಟಗಾಗಿದ್ದೆ.

"ಬಯ್ಯಿರಿ ನನ್ನನ್ನ," ಎಂದಳು ಬೊಬೇ. ಅವನು ಬಯ್ಯಲಿಲ್ಲ. ಮೊಮ್ಮಗಳನ್ನು ಎತ್ತಿಕೊಂಡು ಗೊಳೋ ಎಂದು ಅತ್ತುಬಿಟ್ಟ.

ಸೊಟ್ಟ ಹಲಗೆಯಿಂದ ಅಚ್ಚು ತೆಗೆಯಲಾಗುವುದಿಲ್ಲ. ನನ್ನ ಜಾಗಕ್ಕೆ ಹೊಸ ಹಲಗೆ ಬಂತು. ನಾನು ವಿಹಾರದ ಮೂಲೆಯಲ್ಲಿ ಅರವತ್ತು ವರ್ಷ ಬಿದ್ದಿದ್ದೆ. ಒಂದು ದಿನ ಹೊಸದಾಗಿ ಬಂದ ಭಿಕ್ಷು, "ಇದನ್ನು ಒಲೆಗೆ ಹಾಕಿ," ಎಂದಾಗ ನನ್ನ ಜೀವ ಬಾಯಿಗೆ ಬಂತು. ಪೂಜೆಗೆ ಬಂದಿದ್ದ ಮುದುಕಿಯೊಬ್ಬಳು ಓಡಿಬಂದು ನನ್ನನ್ನು ಅವುಚಿಕೊಂಡಳು. ನಮ್ಮ ದಾಲ್ರೆ!

"ಇದು ಕೊಡಬೇಕಾದ ಬೆಂಕಿಯನ್ನು ಆಗಲೇ ಕೊಟ್ಟಾಗಿದೆ ಸ್ವಾಮಿ. ನಾನು ಮನೆಗೆ ಒಯ್ಯುತ್ತೇನೆ," ಎಂದಳು. ಭಿಕ್ಷು ಬೇಡವೆನ್ನಲಿಲ್ಲ.

ಈಗ ಅವಳ ಮನೆಯಲ್ಲಿದ್ದೇನೆ. ಹೆದರಿಕೆ ಇನ್ನೂ ಹೋಗಿಲ್ಲ. ಅದು ಅವಳಿಗೂ ಗೊತ್ತೇನೋ. ದಿನಾ ಒಲೆ ಹಚ್ಚುವ ಮುಂಚೆ ನನ್ನನ್ನು ಗೋಡೆಯ ಕಡೆ ಮುಖಮಾಡಿ ತಿರುಗಿಸಿಡುತ್ತಾಳೆ.